ಚಸ್ಮಾ ಬೇಡುವ ಅತ್ತೆ

ಊರಿನಲ್ಲಿ ಮುದುಕರು ಸತ್ತರೆ ನಮ್ಮ ಅತ್ತೆಗೆ ಖುಷಿಯಾಗುತ್ತದೆ ಎಂದು ನಾನಂತೂ ಹೇಳುವುದಿಲ್ಲ. ಹಳಿಯಾಳ ಹೇಳುತ್ತದೆ! ಹೇಳದೆ ಏನು ಮಾಡೀತು? ಹದಿಮೂರನೆಯ ದಿನದ ಊಟಕ್ಕೆ ಕರೆದರೆ ಈಕೆ ಹೋಳಿಗೆ ಮುಗಿಸಿ, ಕೈ ಕೂಡ ತೊಳೆಯದೆ, "ಮುತ್ಯಾನ ಚಸ್ಮಾ ಎಲ್ಲಿಟ್ಟೀರಿ? ಸುಮ್ನ ಧೂಳ ತಿನ್ನೂದ ಬ್ಯಾಡ, ನನಗ ಕೊಡ್ರಿ" ಎನ್ನುತ್ತಾಳೆ.

ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ಬಟ್ಟೆ ಹೊಲಿಯುವವಳು. ನಲವತ್ತು ದಾಟಿದ ಮೇಲೆ ಒಂದು ದಿನ ಸೂಜಿಯ ಕಣ್ಣೇ ಕಾಣದೆ, ಇನ್ನು ಕೆಲಸವೇ ಹೋಯಿತೆಂದು ಹೆದರಿದ್ದಳಂತೆ. ತನಗೆ ಚಸ್ಮಾ ಬಂದ ದಿನದಿಂದ ಕೂತಲ್ಲಿ ಕೂರಲಿಲ್ಲ. ಪ್ರತಿ ಗುರುವಾರ ಹಳೆಯ ಚಸ್ಮಾಗಳ ಚೀಲ ಹೊತ್ತು ಜೋಯಿಡಾ ಕಡೆಯ ಹಳ್ಳಿಗಳಿಗೆ ಹೋಗುವುದು, ಅಜ್ಜಿಯರ ಮೂಗಿನ ಮೇಲೆ ಒಂದೊಂದನ್ನೇ ಇಟ್ಟು ಸೂಜಿ-ದಾರ ಕೊಡುವುದು. ಪೋಣಿಸಿದರೆ ಆ ಚಸ್ಮಾ ಅವರದು!

ಕೆಡಿಸಿದ್ದು ಅವಳ ಬಾಯಿಯೇ. ಒಮ್ಮೆ ಮರಳಿ ಬರುವಾಗ ಬಸ್ಸಿನಲ್ಲಿ ಚೀಲ ಕಿಣಿಕಿಣಿ ಎಂದಿತು. ಕಂಡಕ್ಟರಿಗೆ ಗೋವಾದ ಸಾರಾಯಿ ಬಾಟಲಿಗಳ ಅನುಮಾನ.

"ಅಕ್ಕಾರ, ಚೀಲದಾಗ ಏನೈತ್ರಿ?"

"ಕಣ್ಣ ಅದಾವ್ರಿ. ಸತ್ತವರವು!"

ದಾಂಡೇಲಿ ಮುಟ್ಟುವವರೆಗೆ ಅವಳ ಪಕ್ಕದ ಸೀಟು ಖಾಲಿ. ಮಾತು ಮಾತ್ರ ಬಸ್ಸಿಗಿಂತ ಮೊದಲೇ ಹಳಿಯಾಳಕ್ಕೆ ಬಂದಿತ್ತು. ಆ ಚಸ್ಮಾ ಹಾಕಿಕೊಂಡರೆ ಸತ್ತವರು ಕಾಣುತ್ತಾರಂತೆ. ಕಂಡವರು ಕರೆದುಕೊಂಡೇ ಹೋಗುತ್ತಾರಂತೆ. ಅತ್ತೆ ಮಾಟ ಮಾಡುತ್ತಾಳಂತೆ!

ಮೊದಮೊದಲು ನಾವೂ ನಕ್ಕೆವು. ಆಮೇಲೆ ಮದುವೆ ಮನೆಯವರು ಬಂದು, ಇನ್ನೂ ಕತ್ತರಿ ಹಾಕದ ಕುಬಸದ ಬಟ್ಟೆಗಳನ್ನು ವಾಪಸ್ಸು ಒಯ್ದರು. ಮರುದಿನ ಇನ್ನೊಬ್ಬರು. ವಾರದೊಳಗೆ ಹೊಲಿಗೆ ಮಷಿನ್ನು ಸುಮ್ಮನಾಯಿತು. ಸುದ್ದಿ ಕೇಳಿ ನಾನು ದಾಂಡೇಲಿಯ ನನ್ನ ಮನೆಯಿಂದ ಹಳಿಯಾಳಕ್ಕೆ, ಅತ್ತೆಯ ಬಳಿಗೆ ಓಡಿದೆ.

"ಅತ್ತಿ, ಜನ ಮರಿಯೂತನಕ ಒಂದೆರಡ ತಿಂಗಳ ಹಳ್ಳಿಗೆ ಹೋಗೂದ ಬಿಡು."

"ಸುಳ್ಳ ದಿನಾ ಊರ ತಿರಗತೈತಿ. ನಾ ವಾರಕ್ಕೊಮ್ಮಿ ತಿರಗಬಾರ್ದೇನ?"

ಇಂಥವಳಿಗೆ ನೀವಾದರೂ ಏನು ಹೇಳುತ್ತೀರಿ? ಒಬ್ಬಳೇ ಹೋದರೆ ಯಾರಾದರೂ ಹೊಡೆದಾರೆಂಬ ಭಯಕ್ಕೆ ಆ ಗುರುವಾರ ನಾನೂ ಬಸ್ಸು ಹತ್ತಿದೆ.

ಸುದ್ದಿ ಕಾಡಿನ ಹಳ್ಳಿಗೂ ತಲುಪಿತ್ತು. ಒಂದು ಮನೆಯವರು ನಮ್ಮನ್ನು ಕಂಡು ಬಾಗಿಲು ಹಾಕಿದರು. ಇನ್ನೊಂದು ಮನೆಯವರು ಹಿಂದೆ ಅತ್ತೆಯಿಂದ ಪಡೆದಿದ್ದ ಚಸ್ಮಾವನ್ನು ಕೋಲಿನ ತುದಿಗೆ ಸಿಕ್ಕಿಸಿ ಮರಳಿಸಿದರು! ಅತ್ತೆ ಅದನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿದಳು.

"ಸಾಕು ಅತ್ತಿ, ಹೋಗೂಣು."

"ಇನ್ನೂ ಒಂದ ಮನಿ ಐತಿ."

ಅಲ್ಲಿ ಸಿದ್ದಿ ಜನಾಂಗದ ಅಜ್ಜಿಯೊಬ್ಬಳು ಅಕ್ಕಿಯಲ್ಲಿನ ಕಲ್ಲನ್ನು ಬೆರಳಿನಿಂದಲೇ ತಡವಿ ಹುಡುಕುತ್ತಿದ್ದಳು. ಸುದ್ದಿ ಅವಳಿಗೂ ಗೊತ್ತಿತ್ತು. "ನಮ್ಮ ಮುದುಕ ಕಂಡರ ಛಲೋನ ಆತು. ತಾ ಇಲ್ಲೆ!" ಎಂದು ನಕ್ಕಳು.

ಮೂರನೆಯ ಚಸ್ಮಾ ಸರಿಯಾಗಿ ಕೂತಿತು. ಅತ್ತೆ ಸೂಜಿ ಚಾಚಿದಳು. ಅಜ್ಜಿ ಅದನ್ನು ಮುಟ್ಟಲೇ ಇಲ್ಲ. ಅತ್ತೆಯ ಮುಖವನ್ನೇ ನೋಡುತ್ತ ಕೂತಳು.

"ಯವ್ವಾ, ಎಷ್ಟ ಸೊರಗೀದಿ! ಉಂಡೀಯೋ ಇಲ್ಲೋ?"

ಇಡೀ ಊರು ಆಡಿಕೊಂಡಾಗ ಒಂದು ಹನಿ ಕಣ್ಣೀರು ಹಾಕದ ನಮ್ಮ ಅತ್ತೆ ಅಲ್ಲೇ ಜಗಲಿಯ ಮೇಲೆ ಕುಸಿದು, "ಇಲ್ಲಬೇ..." ಎಂದಳು. ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಅಜ್ಜಿ ಅವಳ ಬೆನ್ನು ಸವರುತ್ತ, ಗಂಜಿಗೆ ಎಸರಿಡಲು ನನ್ನನ್ನು ಒಳಗೆ ಕಳಿಸಿದಳು.