ಬೆನ್ನಿಗೆ ಮಣ್ಣು ಹತ್ತಿದ ಮೇಲೆ

ಲಂಗೋಟಿ ಬಿಗಿದು ತೊಡೆ ತಟ್ಟಿ ನಿಂತವನನ್ನು ಕಂಡರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವನ ಫಜೀತಿಗಳು ಗರಡಿಯವರಿಗಷ್ಟೇ ಗೊತ್ತು. ನಾನು ಬನವಾಸಿ ಕಡೆಯ ಒಕ್ಕಲು ಮನೆಯವನು. ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿದ ಹೊಸತರಲ್ಲಿ ಶಿರಸಿಯ ಅಕ್ಕಿ ಗಿರಣಿಗೆ ಬಂದೆ. ಹಗಲು ಚೀಲ ಹೊರುವುದು, ಸಂಜೆ ಗರಡಿಯ ಮಣ್ಣಿನಲ್ಲಿ ಹೊರಳುವುದು. ಹತ್ತು ವರ್ಷ ಹೀಗೇ ನಡೆಯಿತು; ಯಾರಾದರೂ ನಗುವಂಥದ್ದು ಏನೂ ಆಗದ ತಿಂಗಳು ನನಗೆ ನೆನಪಿಲ್ಲ.

ಮೊದಲ ಕುಸ್ತಿ

ಅದು ಸಿದ್ದಾಪುರದಲ್ಲಿ. ಗಿರಣಿಯ ಗೆಳೆಯರು ಬಸ್ಸು ಹತ್ತಿ ನೋಡಲು ಬಂದಿದ್ದರು. ಎದುರಾಳಿ ಬಿಳಗಿಯವನು, ನನಗಿಂತ ಸಣ್ಣಾಳು. ಕೈ ಕೊಟ್ಟದ್ದು ನೆನಪಿದೆ. ಆಮೇಲೆ ಕಂಡದ್ದು ಆಕಾಶ. ಗೆಳೆಯರು ಇನ್ನೂ ಕೂರಲು ಜಾಗ ಹುಡುಕುತ್ತಿದ್ದರು. ಯಾವಾಗ ಶುರು ಎಂದು ಅವರು ಕೇಳುವ ಹೊತ್ತಿಗೆ ನಾನು ಅಂಗಿ ತೊಟ್ಟಾಗಿತ್ತು.

ಮೂರು ದಿನ ಖೋಲಿಯಿಂದ ಹೊರಬೀಳಲಿಲ್ಲ. ಕಡೆಗೆ ಗರಡಿಯಲ್ಲಿ ನಮಗೆ ಕಲಿಸುತ್ತಿದ್ದ ವಸ್ತಾದರೇ ಬಂದರು. ಸಮಾಧಾನ ಹೇಳುತ್ತಾರೆಂದು ಕಾದೆ.

"ಎಲ್ಲಿ ಬಿದ್ದಿ?" ಎಂದರು.

"ಮಣ್ಣಿನ ಮ್ಯಾಲೆ."

"ಮಣ್ಣಿಗೆ ಏನಾರ ಪೆಟ್ಟಾಗೇತೇನು?"

"ಇಲ್ಲರಿ."

"ಹಂಗಾದ್ರ ನಾಳೆ ಅದು ಅಲ್ಲೇ ಇರ್ತದ. ನೀನೂ ಬಾ."

ಮಾಸ್ತರರ ಧೈರ್ಯ

ನಮ್ಮ ಗರಡಿಗೆ ಒಬ್ಬ ಹವ್ಯಕ ಮಾಸ್ತರರು ಬರುತ್ತಿದ್ದರು. ನಲವತ್ತರ ಹತ್ತಿರದ ವಯಸ್ಸು, ಕಡ್ಡಿ ಮೈ. ಶಾಲೆಗೆ ಇನ್ಸ್‌ಪೆಕ್ಟರು ಬಂದರೆ ಅವರಿಗೆ ಮಾತು ನಿಂತು ಹೋಗುತ್ತಿತ್ತು. ಆ ಅಂಜಿಕೆ ಕಳೆಯಬೇಕೆಂದೇ ಸೇರಿದ್ದರು. ದಿನಾ ನಮ್ಮಲ್ಲಿ ಯಾರಾದರೂ ಅವರನ್ನು ಎತ್ತಿ ಒಗೆಯುವುದು, ಅವರು ಎದ್ದು ಕನ್ನಡಕ ಹಾಕಿಕೊಂಡು ಒಗೆದವನು ಯಾರೆಂದು ನೋಡಿ, ತೆಗೆದಿಟ್ಟು, ಮತ್ತೆ ಬರುವುದು. ಒಂದು ವರ್ಷ ಬಿಡದೆ ಬಿದ್ದರು. ಅಂಥ ಗಟ್ಟಿ ಮನುಷ್ಯ ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ.

ಆ ವರ್ಷ ಇನ್ಸ್‌ಪೆಕ್ಟರು ಬಂದು ಹುಡುಗರೆದುರೇ ಕೂಗಾಡಿದರಂತೆ. ಮಾಸ್ತರರು ತಣ್ಣಗೆ ನಿಂತು ಎಲ್ಲದಕ್ಕೂ ಉತ್ತರ ಕೊಟ್ಟರಂತೆ. ಸಂಜೆ ನಾವು ಸುತ್ತ ಕೂತು, ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆವು.

"ಎಂತ ಹೆದರಿಕೆ?" ಎಂದರು ಮಾಸ್ತರರು. "ಅವಂಗೆ ಎತ್ತಿ ಒಗೆಯಲೆ ಬತ್ತಿಲ್ಲೆ."

ಗಂಟೆಯ ಹರಕೆ

ನಾನು ಹೆಸರು ಮಾಡಿದ್ದು ಯಲ್ಲಾಪುರದ ಕುಸ್ತಿಯಲ್ಲಿ. ಎದುರಾಳಿ ಕಲಘಟಗಿ ಕಡೆಯ ಪೈಲ್ವಾನ. ಮೂವತ್ತು ದಾಟಿದ್ದರೂ ಅವನ ಬೆನ್ನಿಗೆ ಅಲ್ಲಿವರೆಗೆ ಯಾರೂ ಮಣ್ಣು ಹತ್ತಿಸಿರಲಿಲ್ಲ. ಮುಕ್ಕಾಲು ತಾಸು ಹಿಡಿದೆವು. ನನ್ನ ಕಿವಿಯಿಂದ ರಕ್ತ ಇಳಿಯುತ್ತಿತ್ತು. ಕೊನೆಗೆ ಅವನ ಕಾಲು ಒಂದು ಸಲ ಸಡಿಲಾಯಿತು. ಎತ್ತಿ ಚಿತ್ ಮಾಡಿದೆ. ಶಿರಸಿಯವರು ನನ್ನನ್ನು ಹೆಗಲ ಮೇಲೆ ಕೂರಿಸಿ ಕುಣಿದರು. ಆ ಹೊತ್ತಿನ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಕೆಳಗಿಳಿದು ನೋಡಿದರೆ ಆ ಆನೆಯಂಥ ಮನುಷ್ಯ ಕಣದ ಅಂಚಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಆ ನೋವು ನಾನು ಬಲ್ಲೆ. ಹೋಗಿ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈ ಇಟ್ಟೆ. ಅಷ್ಟರಲ್ಲಿ ಅವನ ತಾಯಿ ಬಂದಳು. ಬೈಗುಳಕ್ಕೆ ತಯಾರಾಗಿ ಎದ್ದು ನಿಂತೆ. ಆಕೆ ಎರಡೂ ಕೈಯಿಂದ ನನ್ನ ದೃಷ್ಟಿ ತೆಗೆದು ನೆಟಿಕೆ ಮುರಿದಳು.

ಸಂಗತಿ ಹೊರಬಿತ್ತು. ತನ್ನನ್ನು ಕೆಡವುವವನು ಸಿಗುವ ತನಕ ಲಗ್ನವಾಗುವುದಿಲ್ಲ ಎಂದು ಮಗ ಹಟ ಹಿಡಿದಿದ್ದ. ಮಗ ಒಮ್ಮೆ ಸೋಲಲಿ, ಗಂಟೆ ಕಟ್ಟುತ್ತೇನೆ ಎಂದು ತಾಯಿ ಚಂದಗುಳಿಯ ಗಣಪತಿಗೆ ಹರಕೆ ಹೊತ್ತಿದ್ದಳು.

ಇದನ್ನು ಕೇಳಿ ಪೈಲ್ವಾನ ಕಣ್ಣೊರೆಸಿಕೊಂಡ. "ಹಂಗಾದ್ರ ನಾ ಸೋತದ್ದು ಇವನಿಗಲ್ಲ, ದೇವರಿಗೆ," ಎಂದ. ಅಷ್ಟೇ, ಅಳು ನಿಂತಿತು. ಮೈಯ ಮಣ್ಣು ಕೊಡವಿ ಚಹಾ ಕುಡಿಯಲು ನಡೆದ. ಈಗ ನನ್ನ ಮೋರೆ ಸಣ್ಣದಾಯಿತು. ವಸ್ತಾದರು ಬೆನ್ನು ತಟ್ಟಿ, ದೇವರು ಆ ಕೆಲಸಕ್ಕೆ ಶಿರಸಿಯವನನ್ನೇ ಆರಿಸಿದನಲ್ಲ ಎಂದರು.

ಆರು ತಿಂಗಳಿಗೆ ಮದುವೆ. ನಾನು ಮುಖ್ಯ ಅತಿಥಿ. ಆ ತಾಯಿ ತಾನೇ ಮುಂದೆ ಕೂತು ಹೋಳಿಗೆ ಬಡಿಸಿದಳು, ಸಾಕೆಂದರೂ ಬಿಡಲಿಲ್ಲ. ಎಲೆಯ ತುಂಬ ತುಪ್ಪ ಸುರಿದು, ಮೆಲ್ಲಗೆ ಕಿವಿಯ ಹತ್ತಿರ ಬಾಗಿದಳು.

"ತಮ್ಮಾ, ಸಣ್ಣ ಮಗನೂ ಪೈಲ್ವಾನ ಅದಾನ. ಅವನೂ ಇದ ಹಟ ಹಿಡದಾನ. ಛಲೋ ಉಣ್ಣು."