ಕ್ವಾಜೋನ ಮಂಡಿಗೆ ಕಣ್ಣಾರೆ ಕಂಡ ಸಾಕ್ಷಿ

ಟ್ರೋಟ್ರೋ ವ್ಯಾನು ಗುದ್ದಿದ್ದು ಕ್ವಾಜೋನ ಎಡಮಂಡಿಗೆ. ನೋವು ಮಾತ್ರ ಇಡೀ ಕೇರಿಗೆ ಹಂಚಿಹೋಗಿತ್ತು. ಕ್ವಾಜೋ ಘಾನಾ ದೇಶದ ಕುಮಾಸಿ ಊರಿನ ದರ್ಜಿ. ಆ ಮಂಡಿ ಬಗ್ಗದಿದ್ದರೆ ಹೊಲಿಗೆ ಯಂತ್ರ ತುಳಿಯುವಂತಿಲ್ಲ, ತುಳಿಯದಿದ್ದರೆ ಮನೆಯಲ್ಲಿ ಒಲೆ ಉರಿಯುವಂತಿಲ್ಲ. ಪರಿಹಾರ ಬೇಕೆಂದರೆ ಗಾಯ ತೋರಿಸಿ, ಕಣ್ಣಾರೆ ಕಂಡ ಸಾಕ್ಷಿ ಕೊಡಿ ಎಂದಿದ್ದರು ವಿಮೆಯವರು. ಅವರ ಅಧಿಕಾರಿ ಈ ಭಾನುವಾರ ಮಧ್ಯಾಹ್ನ ಬರುವವನಿದ್ದ.

ಸಾಕ್ಷಿಗಳಿಗೇನು ಬರವೇ! ಭಾನುವಾರ ಬೆಳಗಾಗುತ್ತಲೇ, ಮೆಕ್ಕೆಜೋಳದ ಕೆಂಕಿ ಕಡುಬು ಬೇಯಿಸಿ ಮಾರುವ ಸೆರ್ವಾ ಅಕ್ಕ ಬಂದಳು.

"ನಾನೇ ನೋಡಿದೀನಿ ಕಣೋ. ತೆಂಗಿನಮರದೆತ್ತರ ಹಾರಿದೆ ನೀನು!"

"ಅಕ್ಕಾ, ನಾನು ಹಾರಲಿಲ್ಲ. ಚರಂಡಿಗೆ ಬಿದ್ದೆ."

"ಸುಮ್ನಿರು, ನಿಂಗೇನು ಗೊತ್ತು? ಆಗ ನೀನು ಕಣ್ಣು ಮುಚ್ಕೊಂಡಿದ್ದೆ."

ಕ್ಷೌರದಂಗಡಿಯ ಬಾದು ಇನ್ನೂ ಉದಾರಿ. "ಅಣ್ಣಾ, ಎರಡು ವ್ಯಾನು ಗುದ್ದಿದ್ವು ಅಂತ ಹೇಳ್ಲಾ?"

ಇವರನ್ನು ನಂಬಿದರೆ ತನಗೇ ಜೈಲು ಎಂದುಕೊಂಡ ಕ್ವಾಜೋ, ಕೋಲೂರಿಕೊಂಡು ಪಾಸ್ಟರ್ ಬೋಟೆಂಗ್ ಮನೆಗೆ ಹೋದ. ಅಪಘಾತ ಆದದ್ದು ಅವರ ಚರ್ಚಿನ ಗೇಟಿನೆದುರೇ. ಅವರು ಹುಟ್ಟಿದಾಗಿನಿಂದ ಸುಳ್ಳಾಡಿದವರಲ್ಲ.

"ಕಂಡದ್ದನ್ನ ಕಂಡ ಹಾಗೆ ಹೇಳ್ತೀನಪ್ಪಾ," ಎಂದರು ಪಾಸ್ಟರ್. "ಆದ್ರೆ ಜೀವ ಉಳೀತಲ್ಲ, ದೇವರಿಗೆ ಕೃತಜ್ಞತೆ ಬೇಡ್ವಾ? ಬಿಳಿಬಟ್ಟೆ ಹಾಕ್ಕೊಂಡು ಈಗಲೇ ಚರ್ಚಿಗೆ ಬಾ. ವಿಮೆಯವನನ್ನೂ ಅಲ್ಲಿಗೇ ಕರಿ."

ಕ್ವಾಜೋ ಅಧಿಕಾರಿಗೆ ಫೋನು ಮಾಡಿ ತಿಳಿಸಿದ. ಸೆರ್ವಾ ಅಕ್ಕ ಮಂಡಿಗೆ ಶಿಯಾ ಬೆಣ್ಣೆ ತಿಕ್ಕಿ, ನೋವಿನ ಮಾತ್ರೆ ನುಂಗಿಸಿ ಕಳಿಸಿದಳು.

"ಸಾವಿನ ಬಾಯಿಂದ ಬಂದಿದಾನೆ ನಮ್ಮ ಕ್ವಾಜೋ!" ಎಂದು ಪಾಸ್ಟರ್ ಚರ್ಚಿನ ವೇದಿಕೆಯಿಂದ ಕೂಗಿದ್ದೇ ತಡ, ಡ್ರಮ್ಮು ಶುರುವಾಯಿತು. ಬದುಕುಳಿದವನು ಕುಣಿಯದೆ ನಿಂತರೆ ಆ ಊರಲ್ಲಿ ಅವನಂಥ ಕೃತಘ್ನ ಇನ್ನೊಬ್ಬನಿಲ್ಲ. ಕ್ವಾಜೋ ಹುಷಾರಾಗಿ ಒಂದು ಭುಜ ಮಾತ್ರ ಕುಣಿಸಿದ. ಹೆಂಗಸರು ಬಿಳಿ ಕರವಸ್ತ್ರ ಬೀಸುತ್ತ ಸುತ್ತುವರಿದರು. ಅಯ್ಯೋ, ನಾನು ಬದುಕಿದ್ದೀನಲ್ಲಾ ಎಂದು ಅವನಿಗೆ ನಿಜವಾಗಿ ಹೊಳೆದದ್ದು ಆಗಲೇ. ಕಣ್ಣು ತುಂಬಿಬಂತು. ಕೋಲು ಎತ್ತ ಹೋಯಿತೋ! ಪುಣ್ಯಾತ್ಮ ಕುಕ್ಕರುಗಾಲಲ್ಲಿ ಕೂತು ಎದ್ದು, ನೆಗೆದು ಕುಣಿದ. ಕೊನೆಯ ಸಾಲಿನಲ್ಲಿದ್ದ ಕನ್ನಡಕದ ಅಪರಿಚಿತನೂ ಚಪ್ಪಾಳೆ ತಟ್ಟಿದ.

ಹಾಡು ನಿಂತಾಗ ಮಂಡಿ ಕಟಕ್ಕೆಂದಿತು. ಕ್ವಾಜೋ ಕುಸಿದು ಕೂತ. ಮಂಡಿ ಕುಂಬಳಕಾಯಿಯ ಹಾಗೆ ಊದಿಕೊಂಡಿತು.

ಕನ್ನಡಕದವನು ಹತ್ತಿರ ಬಂದ. "ನಾನು ವಿಮೆಯವನು. ಸ್ವಲ್ಪ ಬೇಗನೇ ಬಂದೆ. ಭಾರಿ ಚೆನ್ನಾಗಿ ಕುಣಿದ್ರಿ."

"ಸಾರ್, ಮಂಡಿ ನೋಡಿ! ಕಾಲೂರೋಕಾಗ್ತಿಲ್ಲ. ಪಾಸ್ಟರ್, ಹೇಳಿ ಇವರಿಗೆ!"

ಪಾಸ್ಟರ್ ಎದೆಯ ಮೇಲೆ ಕೈಯಿಟ್ಟರು. "ವ್ಯಾನು ಗುದ್ದಿದ್ದು ನಿಜ. ಆ ಮಂಡಿ ಈಗ ನನ್ನ ಕಣ್ಣೆದುರಿಗೇ ವಾಸಿಯಾದದ್ದೂ ನಿಜ."

"ಹಾಗಾದ್ರೆ ಈ ಊತ?" ಎಂದ ಕ್ವಾಜೋ.

"ಅದು... ಅದು ಆಮೇಲಿಂದು."

ಕ್ವಾಜೋ ತಲೆ ಮೇಲೆ ಕೈಹೊತ್ತ. ಅಷ್ಟರಲ್ಲಿ, ಬಡಪಾಯಿಗೆ ಸಹಾಯ ಮಾಡಲೇಬೇಕೆಂದು ಸೆರ್ವಾ ಅಕ್ಕ ಜನರನ್ನು ಸೀಳಿಕೊಂಡು ಬಂದಳು.

"ನಾನೂ ನೋಡಿದೀನಿ ಸಾರ್! ತೆಂಗಿನಮರದೆತ್ತರ ಹಾರಿದ!"

"ಹೌದಮ್ಮಾ," ಎಂದ ಅಧಿಕಾರಿ, "ಅದನ್ನ ನಾನೂ ಕಣ್ಣಾರೆ ಕಂಡೆ."