ಬೀಗ ಮುರಿದಿದೆ ಎಂದ ಮೇಡಂನವರಿಗೆ

ಗೆ,
ಕಾವಲು ಯಂತ್ರದ ಒಳಗೆ ವಾಸವಾಗಿರುವ ಮೇಡಂನವರು,
ನಮ್ಮ ಮನೆಯ ಬಾಗಿಲ ಹಿಂದಿನ ಗೋಡೆ, ಬಸವಕಲ್ಯಾಣ.

ಮಾನ್ಯರೇ,

ಎಂದೂ ನೆಗಡಿಯಾಗದ ತಮ್ಮ ಮೂಗಿಗೆ, ಎಂದೂ ಒಣಗದ ತಮ್ಮ ಗಂಟಲಿಗೆ, ಕರೆಂಟು ಹೋದರೂ ಬಂದರೂ ಬದಲಾಗದ ತಮ್ಮ ನಯವಿನಯಕ್ಕೆ, ಹುಮನಾಬಾದಿನ ಹೈವೇ ಮೇಲಿನ ಮಹೆಬೂಬ ಚಾಚಾನ ಟೈರ್ ಅಂಗಡಿಯಿಂದ, ಗ್ರೀಸು ಮೆತ್ತಿದ ಎರಡೂ ಕೈ ಜೋಡಿಸಿ ನಮಸ್ಕಾರ. ತಾವು ಕ್ಷೇಮವೆಂದು ಬಲ್ಲೆ. ಆ ಕ್ಷೇಮವನ್ನು ಕೆಡಿಸಬೇಕೆಂದು ನಾನು ಸ್ಕ್ರೂಡ್ರೈವರ್ ಹಿಡಿದು ತಮ್ಮ ಹತ್ತಿರ ಬಂದದ್ದೂ ಉಂಟು. ನನ್ನ ಹೆತ್ತ ಆಯಿ ಅಡ್ಡ ನಿಂತಳು, ತಾವು ಉಳಿದಿರಿ. ಹಾಗಾಗಿ ಪತ್ರ. ಏಳನೇ ತರಗತಿಗೆ ಶಾಲೆ ಬಿಡುವ ಮುಂಚೆ ಮಾಸ್ತರರು ನನಗೆ ಕಲಿಸಿದ್ದು ರಜೆ ಅರ್ಜಿ ಬರೆಯುವುದೊಂದೇ, ಅದೇ ನಮೂನೆಯಲ್ಲಿ ತಮ್ಮನ್ನು ಬೈಯಲು ಅಪ್ಪಣೆ ಕೇಳಿಕೊಳ್ಳುತ್ತೇನೆ.

ತಮ್ಮನ್ನು ನಮ್ಮ ಮನೆಗೆ ಯಾಕೆ ಕರೆತಂದೆವು ಎಂಬುದು ತಮಗೆ ಗೊತ್ತಿರಲಿಕ್ಕಿಲ್ಲ. ನನ್ನ ತಂಗಿ ವಿಶಾಖಾಳ ಮದುವೆ ಮನ್ನಾಏಖೇಳ್ಳಿಯಲ್ಲಿ ಚಹಾದ ಹೋಟೆಲು ಇಟ್ಟಿರುವ ದೇವಿದಾಸ ಕಾಕಾನ ಮಗ ಮಿಲಿಂದನ ಜೊತೆ ಗೊತ್ತಾಗಿತ್ತು. ಕೊಡಬೇಕಾದ ಭಾಂಡಿ ಪಾತ್ರೆ, ಅಲಮಾರಿ, ಹೊಲಿಗೆ ಮಷೀನು ಎಲ್ಲ ತಂದು ಮನೆಯಲ್ಲಿ ಪೇರಿಸಿದ್ದೆವು. ಅಪ್ಪ ಲಾರಿ ಮೇಲೆ, ಆಯಿ ಅಂಗನವಾಡಿಯ ಒಲೆ ಮುಂದೆ, ವಿಶಾಖಾ ಟೇಲರಿಂಗ್ ಕ್ಲಾಸಿನಲ್ಲಿ, ನಾನು ಹುಮನಾಬಾದಿನಲ್ಲಿ ಯಾರದೋ ಟ್ರಕ್ಕಿನ ಅಡಿಯಲ್ಲಿ. ಹಗಲೆಲ್ಲ ಮನೆ ಬರಿದು. ಅಂಥ ಹೊತ್ತಿನಲ್ಲಿ ಟೈರು ಬಿಚ್ಚಿಸಲು ಬಂದ ಒಬ್ಬ ಡ್ರೈವರು ತಮ್ಮ ಗುಣಗಾನ ಮಾಡಿದ: ಬಾಗಿಲು ಅಲುಗಿದರೆ ಸಾಕು, ಆ ಡಬ್ಬಿ ತಾನೇ ಫೋನು ಹಚ್ಚಿ ನೀವು ಎಲ್ಲಿದ್ದರೂ ಸುದ್ದಿ ಮುಟ್ಟಿಸುತ್ತದೆ ಎಂದು. ನಾನು ನಂಬಿದೆ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಬೀಳಲಿ.

ತಮ್ಮ ಪ್ರತಿಷ್ಠಾಪನೆ ಹೇಗಾಯಿತೆಂದರೆ, ಮನೆಯ ಮೊಬೈಲಿನ ಸಿಮ್ಮನ್ನೇ ತಮ್ಮ ಹೊಟ್ಟೆಗೆ ಹಾಕಿ, ತಮ್ಮನ್ನು ಗೋಡೆಗೆ ಹೊಡೆದು ನಾನು ಕೆಲಸಕ್ಕೆ ಬಂದುಬಿಟ್ಟಿದ್ದೆ. ಉಳಿದದ್ದೆಲ್ಲ ಫೋನಿನ ಮೇಲೆ ಮಾಡಿಸುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಒಂದು ಕಿವಿಗೆ ಅಂಗಡಿಯ ಫೋನು, ಅದರಲ್ಲಿ ಬೆಂಗಳೂರಿನ ಒಬ್ಬ ಸಾಹೇಬರು. ಇನ್ನೊಂದು ಕಿವಿಗೆ ನನ್ನ ಮೊಬೈಲು, ಅದರಲ್ಲಿ ಪಕ್ಕದ ಮನೆಯ ಅನ್ವರಿ ಚಾಚಿಯ ಮೊಬೈಲು ಹಿಡಿದು ತಮ್ಮ ಮುಂದೆ ನಿಂತ ವಿಶಾಖಾ. ಸಾಹೇಬರು "ಹ್ಯಾಶ್ ಒತ್ತಲು ಹೇಳಿ" ಎಂದರು. ನಾನು "ಹ್ಯಾಶ್ ಒತ್ತು" ಎಂದೆ. ಅವಳು "ಅದ್ಯಾವ್ದೋ? ಇಲ್ಲಿ ಹಾಶೂ ಇಲ್ಲ, ಬೂಶೂ ಇಲ್ಲ" ಎಂದಳು. ಸಾಹೇಬರು ಎರಡು ಅಡ್ಡಗೆರೆ, ಎರಡು ಉದ್ದಗೆರೆ ಎಂದು ಬಿಡಿಸಿ ಹೇಳಿದರು. ನಾನು "ಚೌಕಾಬಾರದ ಮನಿ ಇದ್ದಂಗ ಇರ್ತದ ನೋಡ" ಎಂದೆ. "ಚೌಕಾಬಾರ ಅಂತ ಮೊದ್ಲ ಹೇಳಾಕ ನಿನಗ ಏನ್ ಧಾಡಿ?" ಎಂದು ಬೈದು ಒತ್ತಿದಳು. ಆಮೇಲೆ ಭಾಷೆ ಕೇಳಿದಿರಿ. ಒಂದು ಒತ್ತಿದರೆ ಕನ್ನಡ, ಎರಡು ಒತ್ತಿದರೆ ಹಿಂದಿ. ನಾವು ಎದೆಯುಬ್ಬಿಸಿ ಒಂದನ್ನು ಒತ್ತಿದೆವು. ಮೇಡಂ, ಆವತ್ತು ಎರಡು ಒತ್ತಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ಕೊನೆಗೆ ಸಾಹೇಬರು, ಆಪತ್ತಿಗೆ ಓಡಿ ಬರುವ ಹತ್ತಿರದ ಮೂವರ ನಂಬರು ಹಾಕಿರಿ ಎಂದರು. ನಾನು ನನ್ನದೇ ಮೊದಲು ಎಂದೆ. ಆಯಿ ವಿಶಾಖಾಳ ಕೈಯಿಂದ ಮೊಬೈಲು ಕಸಿದುಕೊಂಡಳು. "ಬೀಗರ ನಂಬರ ಬಿಟ್ಟು ನಿಂದು ಮೊದ್ಲ ಹಾಕ್ಲಾ? ನಾಳೆ ಅವರಿಗಿ ಗೊತ್ತಾದ್ರ ನಮ್ಮ ಮಾನ ಏನ್ ಉಳೀತದ? ಮದ್ವಿ ಮನ್ಯಾಗ ಮೊದಲನೇ ತಾಟು ಬೀಗರಿಗಿ, ಮೊದಲನೇ ಫೋನೂ ಬೀಗರಿಗೇ." ಹೀಗೆ ಮೊದಲ ನಂಬರು ದೇವಿದಾಸ ಕಾಕಾನಿಗೆ ಹೋಯಿತು, ಎರಡನೆಯದು ಮೋರಖಂಡಿಯ ನಮ್ಮ ಸೋದರತ್ತೆ ಸರುಬಾಯಿಗೆ, ಮನೆಯ ಮಗನಾದ ನನಗೆ ತಾಟು ತೊಳೆಯುವವನ ಜಾಗ.

ಇಷ್ಟಾದ ಮೇಲೆ ತಾವು ಸುಮ್ಮನೆ ಕೂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ತಮಗೆ ಕೆಲಸದ ಮೇಲೆ ಬಹಳ ಪ್ರೀತಿ. ಒಂದು ಸೋಮವಾರ ಮಧ್ಯಾಹ್ನ ಕರೆಂಟು ಹೋಯಿತು, ಬಂತು. ನಮ್ಮೂರಲ್ಲಿ ಅದು ದಿನವೂ ಹೋಗುತ್ತದೆ, ದಿನವೂ ಬರುತ್ತದೆ, ಎಮ್ಮೆ ಮೇಯಲು ಹೋಗಿ ಬಂದಂತೆ. ತಾವು ಮಾತ್ರ ಗಾಬರಿಯಿಂದ ಎದ್ದು, ಕಳ್ಳನೇ ಬಂದನೆಂದು ತಿಳಿದು, ಮನ್ನಾಏಖೇಳ್ಳಿಗೆ ಫೋನು ಹಚ್ಚಿ ತಮ್ಮ ಬೆಣ್ಣೆಯಂಥ ದನಿಯಲ್ಲಿ ಅಂದಿರಿ: "ನಮಸ್ಕಾರ. ನಿಮ್ಮ ಮನೆಯ ಬೀಗ ಮುರಿದಿದೆ. ದಯವಿಟ್ಟು ಕೂಡಲೇ ಕ್ರಮ ಕೈಗೊಳ್ಳಿ."

ಮೇಡಂ, ತಮ್ಮ ಬೆಂಗಳೂರಿನಲ್ಲಿ ಬಾಗಿಲಿಗೆ ಏನು ಹಾಕುತ್ತೀರೋ ನನಗೆ ತಿಳಿಯದು. ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ. ಬೀಗ ಎಂದರೆ ಮಗಳನ್ನು ಕೊಟ್ಟವನು, ಇಲ್ಲವೇ ಸೊಸೆಯನ್ನು ತಂದುಕೊಂಡವನು. ಅವನನ್ನು ಯಾರೂ ಬಾಗಿಲಿಗೆ ನೇತು ಹಾಕುವುದಿಲ್ಲ. ಬೀಗ ಮುರಿದಿದೆ ಎಂದರೆ ನಮ್ಮಲ್ಲಿ ಒಂದೇ ಅರ್ಥ, ಬೀಗತನ ಮುರಿದಿದೆ, ಮದುವೆ ಮುರಿದಿದೆ.

ದೇವಿದಾಸ ಕಾಕಾ ಚಹಾ ಸೋಸುತ್ತಿದ್ದವರು ಪಾತ್ರೆಯನ್ನು ಹಾಗೇ ಬಿಟ್ಟು "ಯಾರ್ರಿ ಬಾಯಿ ಮಾತಾಡೋದು? ನಂಬರ್ ನಮ್ಮ ಬೀಗರದೇ ಅದ, ನೀವ್ಯಾರು?" ಎಂದು ಕೇಳಿದರಂತೆ. ತಾವು ಅದಕ್ಕೆ ಉತ್ತರ ಕೊಡುವ ಸಣ್ಣತನ ತೋರಿಸದೆ, ನಮಸ್ಕಾರದಿಂದ ಮತ್ತೆ ಶುರು ಮಾಡಿದಿರಿ. ಹೋಟೆಲಿನಲ್ಲಿ ಕೂತ ಮಂದಿಯಲ್ಲಿ ಒಬ್ಬ ಜಾಣ ಇದ್ದ. ಅವನು ಫೋನಿಗೆ ಕಿವಿ ಕೊಟ್ಟು ತೀರ್ಪು ಹೇಳಿದ: "ಕಾಕಾ, ಇದು ಕೋರ್ಟ್ ಕನ್ನಡ ಅದ. ಹೆಣ್ಣಿನ ಕಡೀದವರು ವಕೀಲಬಾಯಿನ್ನ ಹಚ್ಚಿ ಮಾತಾಡಸಾಕತ್ತಾರ." ಕಾಕಾ ತಮ್ಮ ಸೂಚನೆಯನ್ನು ಅಕ್ಷರಶಃ ಪಾಲಿಸಿ ಕೂಡಲೇ ಕ್ರಮ ಕೈಗೊಂಡರು: ಬ್ಯಾಂಡಿನವರಿಗೆ ಬರಬೇಡಿರಿ ಎಂದರು, ಪೆಂಡಾಲಿನವನಿಗೆ ಕಂಬ ನೆಡಬೇಡ ಎಂದರು, ಮಗನಿಗೆ "ವಕೀಲರ ಬಾಯಿಲೆ ಮಾತಾಡೋ ಮಂದಿ ನಮಗ ಬ್ಯಾಡ" ಎಂದರು. ಇಷ್ಟು ಚುರುಕಾದ ಕ್ರಮವನ್ನು ಯಾವ ಪೊಲೀಸರೂ ಕೈಗೊಂಡದ್ದನ್ನು ನಾನು ನೋಡಿಲ್ಲ.

ಅಷ್ಟರಲ್ಲಿ ತಾವು ಮೋರಖಂಡಿಗೂ ತಮ್ಮ ಸೇವೆ ವಿಸ್ತರಿಸಿದ್ದಿರಿ. ಸರುಬಾಯಿ ಅತ್ತೆ ಸೆರಗು ಬಾಯಿಗೆ ಹಿಡಿದು ಟಂಟಂ ಆಟೋ ಹತ್ತಿದಳು, ದಾರಿಯುದ್ದಕ್ಕೂ "ನಮ್ಮ ಹುಡುಗೀಗಿ ಏನ್ ಕಮ್ಮಿ ಅದ ಅಂತ ಮುರದ್ರು?" ಎಂದು ಅಳುತ್ತ ಬಂದಳಂತೆ, ಜೊತೆಗಿದ್ದವರೆಲ್ಲ ಗುರುತಿಲ್ಲದಿದ್ದರೂ ಅತ್ತರಂತೆ. ಕೊನೆಗೆ ನನಗೂ ಫೋನು ಬಂತು. ತಮ್ಮನ್ನು ಗೋಡೆಗೆ ಹೊಡೆದವನೇ ನಾನಾದ್ದರಿಂದ ನನಗೆ ಕೀಲಿಯದೇ ಚಿಂತೆ. ಅನ್ವರಿ ಚಾಚಿಗೆ ಫೋನು ಮಾಡಿದೆ. ಅವಳು ಹೋಗಿ ನೋಡಿ, "ಕೀಲಿ ಹಂಗೇ ಜೋತು ಬಿದ್ದದ, ಹೊಸ್ತಿಲ ಮ್ಯಾಲ ಬೆಕ್ಕು ಮಲಗ್ಯದ, ನೀ ಸುಮ್ನ ಟೈರ್ ಬಿಚ್ಚು" ಎಂದಳು. ನಾನು ಸುಮ್ಮನೆ ಟೈರು ಬಿಚ್ಚುತ್ತಿದ್ದೆ. ಆಗಲೇ ನನ್ನ ತಂಗಿಯ ಗಂಡನಾಗಬೇಕಾದ ಮಿಲಿಂದ ನಮ್ಮ ಅಂಗಡಿಯ ಮುಂದಿನಿಂದ, ನಾನು ಕೈ ಮಾಡಿದರೂ ತಿರುಗಿ ನೋಡದೆ, ಬೆನ್ನಿಗೆ ಬೆಂಕಿ ಹತ್ತಿದವನಂತೆ ಮೋಟರ್ ಸೈಕಲ್ಲು ಓಡಿಸಿಕೊಂಡು ಬಸವಕಲ್ಯಾಣದ ಕಡೆಗೆ ಹೋದ.

ಸ್ವಲ್ಪ ಹೊತ್ತಿಗೆ ತಾವು ಮತ್ತೆ ಕರೆದಿರಿ, ಮತ್ತೆ ಮತ್ತೆ ಕರೆದಿರಿ. ಈ ಸಲ ಖರೇ ಕಳ್ಳ ಎಂದುಕೊಂಡು ಟೈರು ಮೀಟುವ ಕಬ್ಬಿಣದ ಪಟ್ಟಿ ಹಿಡಿದು ಸಿಕ್ಕ ಜೀಪು ಹತ್ತಿದೆ. ಮನೆ ಮುಂದೆ ಓಣಿಯೇ ನೆರೆದಿತ್ತು. ನಡುವೆ ಮಿಲಿಂದ, ಕೀಲಿ ಹಾಕಿದ ಬಾಗಿಲಿಗೆ ಎರಡೂ ಕೈ ಮುಗಿದು ನಿಂತಿದ್ದ. ಬಾಗಿಲು ಬಡಿದಿದ್ದ, ಒಳಗಿನಿಂದ ತಾವು ದೊಡ್ಡ ದನಿಯಲ್ಲಿ ಬೀಗ ಮುರಿದಿದೆ ಎಂದಿದ್ದಿರಿ, ಅವನು ಆಗಿನಿಂದಲೂ ತಮ್ಮ ಜೊತೆ ವಾದಕ್ಕಿಳಿದಿದ್ದ. ಬಡಿಯುವುದು, ಬೇಡುವುದು, ತಮ್ಮಿಂದ ಅದೇ ಉತ್ತರ. "ಬಾಯಾರ, ನೀವ್ಯಾರೋ ನನಗ ಗೊತ್ತಿಲ್ಲ. ಮುರದದ ಮುರದದ ಅಂತ ನೀವ ಹೇಳಿದ್ರ ಹ್ಯಾಂಗ್ರಿ? ಆಕಿನ್ನ ಕರೀರಿ. ಆಕಿ ಒಲ್ಲೆ ಅಂದ್ರ ಇಲ್ಲಿಂದ್ಲೇ ವಾಪಸ್ ಹೋಗ್ತೀನಿ. ಆಕಿನ್ನ ಯಾರಾರ ಕೇಳೀರಿ ಇಲ್ಲೋ?" ಅದಕ್ಕೆ ತಾವು ಕೂಡಲೇ ಕ್ರಮ ಕೈಗೊಳ್ಳಲು ಸೂಚಿಸಿದಿರಿ. ನಾನು ಕ್ರಮ ಕೈಗೊಂಡು ಅವನ ಕಾಲರ್ ಹಿಡಿದೆ, ಕೀಲಿ ಮುರಿಯಲು ಬಂದಿದ್ದಾನೆಂದು. ಅವನು ನನ್ನ ಕಾಲರ್ ಹಿಡಿದ, ಮದುವೆ ಮುರಿದಿದ್ದೇನೆಂದು. ಅವನು ಬೀಗ ಬೀಗ ಎನ್ನುತ್ತಾನೆ, ನಾನು ಕೀಲಿ ಕೀಲಿ ಎನ್ನುತ್ತೇನೆ, ಒಳಗಿನಿಂದ ತಾವು ನಮ್ಮಿಬ್ಬರಿಗೂ ನಮಸ್ಕಾರ ಹೇಳುತ್ತೀರಿ.

ಆ ಹೊತ್ತಿಗೆ ಕ್ಲಾಸು ಮುಗಿಸಿ ಬಟ್ಟೆಯ ಚೀಲ ಹಿಡಿದು ಬಂದ ವಿಶಾಖಾ ಮಂದಿಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಈ ಮದುವೆಯಲ್ಲಿ ಬ್ಯಾಂಡು ಯಾವುದು ಎಂದು ಕೇಳಿದ್ದೆವು, ಭಾಂಡಿ ಎಷ್ಟು ದಪ್ಪ ಎಂದು ಕೇಳಿದ್ದೆವು, ಅವಳನ್ನು ಕೇಳಿರಲಿಲ್ಲ. ಅವಳೂ ಏನೂ ಅಂದಿರಲಿಲ್ಲ, ನಾವು ಅದನ್ನೇ ಒಪ್ಪಿಗೆ ಎಂದುಕೊಂಡಿದ್ದೆವು. ಅವಳು ಮುಂದೆ ಬಂದು ನನ್ನ ಕೈಯನ್ನು ಅವನ ಕಾಲರಿನಿಂದ ಬಿಡಿಸಿದಳು. "ಒಲ್ಲೆ ಅಂತ ನಾ ಎಂದು ಅಂದೆ? ಹೂಂ ಅಂತ ತಾನೇ ಎಂದು ಅಂದೆ? ಯಾರಾರ ಕೇಳಿದ್ರ ಅಲ್ಲ ಹೇಳೋದು?" ಎಂದಳು. ಆಮೇಲೆ ಅವನ ಕಡೆ ತಿರುಗಿ, "ಈಗ ನೀವು ಕೇಳೀರಿ, ಅದೂ ಕೀಲಿ ಹಾಕಿದ್ದ ಬಾಗ್ಲಿಗಿ. ಹೂಂ ಅಂತೀನಿ" ಎಂದಳು. ತಾವು ಬೀಗ ಮುರಿದಿದೆ ಎಂದಿರಿ. "ನೀ ಸುಮ್ನಿರ ಬೇ" ಎಂದು ತಮಗೂ ಒಂದು ಕೊಟ್ಟಳು. ಓಣಿಯ ಮಂದಿ ಸಿಳ್ಳೆ ಹೊಡೆದರು. ಸರುಬಾಯಿ ಅತ್ತೆ ಅಷ್ಟೊತ್ತಿಗೆ ಬಂದು ಮುಟ್ಟಿ, ವಿಷಯ ತಿಳಿಯದೆ ಇನ್ನೊಂದು ಸುತ್ತು ಅತ್ತಳು.

ಉಳಿದದ್ದು ದೇವಿದಾಸ ಕಾಕಾನ ಸಿಟ್ಟು. ಮರುದಿನ ಆಯಿ ಅವರನ್ನು ಕರೆಸಿ, ನಡುಮನೆಯಲ್ಲಿ ಕೂಡಿಸಿ, ಬಾಗಿಲಿನ ಕೀಲಿಯನ್ನು ಅವರ ಕೈಗಿಟ್ಟು, "ಬೆಂಗಳೂರಾಗ ಇದಕ್ಕ ಬೀಗ ಅಂತಾರಂತ್ರಿ" ಎಂದಳು. ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಂಗಾದ್ರ ಅಲ್ಲಿ ನನಗ ಏನಂತಾರ?" "ನಿಮಗೂ ಬೀಗ್ರು ಅಂತಾರ್ರಿ." ಕಾಕಾ ಕೀಲಿಯನ್ನು ಅಂಗೈಯಲ್ಲಿ ತೂಗಿ ನೋಡಿದರು. ಕೊನೆಗೆ "ಕೀಲೀಗೂ ನನಗೂ ಒಂದೇ ಹೆಸ್ರಾ?" ಎಂದು ಕೇಳಿ, ಹೊಟ್ಟೆ ಹಿಡಿದು ನಕ್ಕು, ಅಲ್ಲಿಂದಲೇ ಬ್ಯಾಂಡಿನವರಿಗೆ ಫೋನು ಮಾಡಿದರು.

ಆದ್ದರಿಂದ ತಮ್ಮಲ್ಲಿ ಸವಿನಯ ಬಿನ್ನಹ. ಮನ್ನಾಏಖೇಳ್ಳಿಯ ಆ ಹೋಟೆಲಿಗೆ ಹೋಗಿ, ತಾವು ವಕೀಲಬಾಯಿ ಅಲ್ಲವೆಂದು ಆ ಜಾಣನ ಮುಂದೆ ಒಂದು ಸಲ ಹೇಳಿ ಬರಬೇಕು. ಟಂಟಂನಲ್ಲಿ ಅತ್ತವರ ಮನೆ ಹುಡುಕಿ ಕ್ಷಮೆ ಕೇಳಬೇಕು. ನನ್ನ ಕಾಲರು ಹರಿದಿದೆ, ಅದನ್ನು ಹೊಲಿದು ಕೊಡಬೇಕು. ಇವು ಯಾವುದೂ ಆಗದಿದ್ದರೆ, ಕರೆಂಟು ಬಂದಾಗ ಕಳ್ಳ ಬಂದನೆಂದು ತಿಳಿಯುವ ತಮ್ಮ ಚಾಳಿಯನ್ನಾದರೂ ಬಿಡಬೇಕು. ನಮ್ಮೂರಿಗೆ ಕಳ್ಳರೇ ಕರೆಂಟಿಗಿಂತ ಹೆಚ್ಚು ಹೇಳಿ ಕೇಳಿ ಬರುತ್ತಾರೆ.

ಬೀಗರು ಉಳಿದದ್ದರಿಂದ ಮಾತ್ರ ತಮ್ಮನ್ನೂ ಉಳಿಸಿರುವ,
ತಮ್ಮ ವಿಶ್ವಾಸಿ,
ರಾಜೀವ,
ಮಹೆಬೂಬ ಚಾಚಾನ ಟೈರ್ ಅಂಗಡಿ, ಹುಮನಾಬಾದ್.

ತಾ.ಕ.: ನಾಲ್ಕು ಒತ್ತಿದರೆ ಮನೆಯವರೇ ಅವರವರ ದನಿಯಲ್ಲಿ ಸಂದೇಶ ತುಂಬಬಹುದೆಂದು ಸಾಹೇಬರು ಈಗ ಹೇಳುತ್ತಾರೆ. ವಿಶಾಖಾ ನಿನ್ನೆ ಚೌಕಾಬಾರ ಒತ್ತಿ, ನಾಲ್ಕು ಒತ್ತಿ, "ಕೀಲಿ ಮುರದದ, ಬೀಗರು ಗಟ್ಟಿ ಅದಾರ, ಲಗೂ ಬರ್ರಿ" ಎಂದು ತುಂಬಿದ್ದಾಳೆ. ಹೀಗಾಗಿ ತಮ್ಮ ನೌಕರಿ ಹೋಗಿದೆ. ತಮಗೂ ಊರಲ್ಲಿ ಬೀಗರು ಅಂತ ಯಾರಾದರೂ ಇದ್ದರೆ, ಎರಡು ಸುತ್ತು ತಿರುಗಿಸಿ ಬಾಗಿಲಿಗೆ ಭದ್ರವಾಗಿ ನೇತು ಹಾಕಿಕೊಳ್ಳಿರಿ.